ಏಳನೇ ಕ್ಯಾಮೆರಾ

ಜೊತೆಯಲ್ಲಿ ಕೆಲಸ ಮಾಡುವ ಇಸ್ಮತ್ ಇಲ್ಲೇ ಕುಳಿತು ಸುಲಿದ ಕಿತ್ತಳೆಯ ವಾಸನೆ ಇನ್ನೂ ಕೀಬೋರ್ಡಿನ ಮೇಲಿದೆ, ಒರೆಸಬೇಕು, ಆಮೇಲೆ ಒರೆಸಿದರಾಯಿತು, ಊಟದ ಹೊತ್ತು ಮುಗಿಯುವುದರೊಳಗೆ ಕ್ಯಾಮೆರಾಗಳನ್ನೆಲ್ಲ ಬೇರೆ ವಿಲ್ಯಾನಿಗೆ, ಅದೇ ನೆಟ್ಟಿನೊಳಗಿನ ಬೇರೆ ಕೋಣೆಗೆ, ಹಾಕಿಬಿಡಬೇಕು — ಹುಡುಗಿಯರು ಲ್ಯಾಬಿಗೆ ಬಂದರೆ ನೆಟ್ ಇಲ್ಲ ಮೇಡಂ ಎಂದು ಶುರು ಮಾಡುತ್ತಾರೆ. ಹತ್ತನೇ ನಂಬರಿನ ಕೋಣೆ ಆಫೀಸಿಗೆ, ಇಪ್ಪತ್ತನೆಯದು ಲ್ಯಾಬಿಗೆ, ಮೂವತ್ತನೆಯದು ಕ್ಯಾಮೆರಾಗಳಿಗೆ, ತಂತಿ ಒಂದೇ ಆದರೂ ಒಬ್ಬರ ಕೋಣೆ ಇನ್ನೊಬ್ಬರಿಗೆ ಕಾಣದು, ಯಾರು ಎಲ್ಲಿಗೆ ಹೋಗಬಹುದೆಂದು ಫೈರ್‌ವಾಲ್ ಹೇಳಬೇಕು, ಫೈರ್‌ವಾಲಿಗೆ ನಾನು ಹೇಳಬೇಕು. ತವರೂರು ಕಲ್ಯದಲ್ಲಿ ಅವ್ವ ರೇಷ್ಮೆಹುಳುವಿನ ಮನೆಯ ಬಾಗಿಲಲ್ಲಿ ನಿಂತು, ಕಾಲ್ ತೊಳ್ಕಂಡು ಬಾ, ಇಲ್ದಿದ್ರೆ ಅಲ್ಲೇ ನಿಂತ್ಕೊ ಅನ್ನುತ್ತಿದ್ದಳು, ಯಾರ ಪಾದದಲ್ಲಿ ಯಾವ ರೋಗವೋ. ಅದನ್ನೇ ಹೇಳಿ ಇವರಿಗೆ ವಿಲ್ಯಾನ್ ಕಲಿಸಿದ್ದೆ, ಅನಂತರಾಜುವಿಗೆ, ಗಂಡನ ಹೆಸರನ್ನು ಮನಸ್ಸಿನಲ್ಲಾದರೂ ಹೇಳಬಹುದಲ್ಲ, ಅಡುಗೆಕಟ್ಟೆಯ ಮೇಲೆ ಲೋಟಗಳನ್ನು ಬೇರೆ ಬೇರೆ ಇಟ್ಟು ತೋರಿಸಿದ್ದೆ, ಅಯ್ಯಪ್ಪಾ, ನಿನ್ ಮುಂದೆ ನಾನು ಬರೀ ಸ್ಕ್ರೂ ಬಿಗಿಯೋನು ಕಣಮ್ಮಿ ಎಂದು ನಕ್ಕಿದ್ದರು. ಈ ಕಾಲೇಜಿನ ಕ್ಯಾಮೆರಾಗಳನ್ನು ಕೂರಿಸಿದವರೂ ಅವರೇ, ರಾಮನಗರದ ಅಂಗಡಿ ಮುಚ್ಚಿ ಎರಡು ದಿನ ಕನಕಪುರಕ್ಕೆ ಬಂದು, ನಾನೇ ಪ್ರಿನ್ಸಿಪಾಲರಿಗೆ ಹೇಳಿ ಕೊಡಿಸಿದ ಕೆಲಸ. ಹಳೆಯ ನಿಯಮಗಳನ್ನು ಅಳಿಸುತ್ತ ಹೋಗಬೇಕು, ಇದು ಬೇಡ, ಇದೂ ಬೇಡ, ಇದು ಪ್ರಿಂಟರ್ ಎಂಬ ಹೆಸರಿನದು — ಪ್ರಿಂಟರಿಗೆ ಹೊರಗೇನು ಕೆಲಸ, ತಡಿ, ವಿಳಾಸ ಪ್ರಿಂಟರಿನದಲ್ಲ, ಏಳನೇ ಕ್ಯಾಮೆರಾದ್ದು, ಏಳು ಯಾವುದು, ಏಳು ನನ್ನ ಮೇಜಿನ ನೇರಕ್ಕೆ ಮೇಲೆ ಗೋಡೆಯಲ್ಲಿರುವುದು, ಅದರ ಚಿತ್ರ ಹೋಗುತ್ತಿರುವುದು ಹೊರಗಿನ ಒಂದು ವಿಳಾಸಕ್ಕೆ, ಆ ಅಂಕಿಗಳು ನನಗೆ ಬಾಯಿಪಾಠ, ಇವರ ಅಂಗಡಿಯ ನೆಟ್ಟಿಗೆ ನಾನೇ ಹಾಕಿಕೊಟ್ಟದ್ದು.

ನಿಯಮ ಬರೆದವರು ಎಂಬಲ್ಲಿ ನನ್ನ ಹೆಸರಿದೆ, ಜೂನ್ ಹತ್ತೊಂಬತ್ತು, ಅಂದು ನಾನು ಜ್ವರ ಬಂದು ಅವ್ವನ ಮನೆಯಲ್ಲಿ ಮಲಗಿದ್ದೆ, ಇವರು ಇಲ್ಲಿಂದ ಫೋನ್ ಮಾಡಿದ್ದರು, ರೆಕಾರ್ಡರ್ ನಿಂತೋಗೈತೆ, ಪಾಸ್‌ವರ್ಡ್ ಒಸಿ ಹೇಳು, ನೀನು ಮಲಕ್ಕೊ; ಒಂದೊಂದೇ ಅಕ್ಷರ ಬಿಡಿಸಿ ಹೇಳಿದ್ದೆ. ಜೂನಿನಿಂದ, ಹಾಗಾದರೆ ಜೂನಿನಿಂದ — ತಲೆ ನೋಯ್ತಿತ್ತಾ ಇವತ್ತು ಎಂದು ಇವರು ಮನೆಯ ಬಾಗಿಲಲ್ಲೇ ಕೇಳಿದ್ದು, ನಾನು ಮಧ್ಯಾಹ್ನ ಇಲ್ಲಿ ಮುದ್ದೆ ಮುಟ್ಟದೆ ಮಜ್ಜಿಗೆ ಮಾತ್ರ ಕುಡಿದ ದಿನ ಸಂಜೆ ಬೋಂಡಾ ಕಟ್ಟಿಸಿಕೊಂಡು ಬಂದದ್ದು. ಇಸ್ಮತ್‌ಗೆ ಹೇಳಿದಾಗ ಅವಳು, ನಸೀಬು ಮೇಡಂ ನಿಮ್ದು, ನಮ್ಮನೆಯೋರು ನಾನು ಎದುರಿಗೆ ಕೂತು ಅತ್ರೂ ಸಾರಿಗೆ ಉಪ್ಪು ಕಮ್ಮಿ ಅಂತಾರೆ ಎಂದಳು, ಇಬ್ಬರೂ ಎಷ್ಟು ನಕ್ಕೆವು. ಕಬ್ಬಾಳಿನ ಗುಡಿಗೆ ಹೋದಾಗ ಅಮ್ಮನ ಮುಂದೆ ನಾನು ಏನನ್ನೂ ಬೇಡಲಿಲ್ಲ, ಹೇಳದೆಯೇ ತಿಳಿದುಕೊಳ್ಳುವ ಗಂಡನನ್ನು ಕೊಟ್ಟೆಯಲ್ಲ ತಾಯಿ, ಸಾಕು ಎಂದು ಕಣ್ಣು ತುಂಬಿಕೊಂಡಿದ್ದೆ. ತನ್ವೀರ್ ಸರ್ ಪರೀಕ್ಷೆಯ ಪಟ್ಟಿ ಹಿಡಿದು ಇಲ್ಲಿ ಅರ್ಧ ಗಂಟೆ ಕುಳಿತಿದ್ದ ದಿನ ಇವರು ಮನೆಯಲ್ಲಿ ತಟ್ಟೆ ಸರಿಸಿ, ಹೊಟ್ಟೆ ಸರಿ ಇಲ್ಲ ಎಂದರು, ನಾನು ಜೀರಿಗೆ ಕಷಾಯ ಮಾಡಿಕೊಟ್ಟೆ, ಆರಿಸಿ ಕೊಟ್ಟೆ, ಬಿಸಿ ಇದ್ದೀತು ಎಂದು. ಇಲ್ಲ, ಅಂಗಡಿಯಿಂದ ರಿಪೇರಿಗೆಂದು ಎಲ್ಲ ಕ್ಯಾಮೆರಾಗಳನ್ನೂ ನೋಡುತ್ತಿರಬಹುದು, ಹದಿನಾರು ಇವೆ, ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡುತ್ತೇನೆ, ಇಲ್ಲ, ಏಳು ಒಂದೇ. ಆ ನಿಯಮದ ಟಿಕ್ ತೆಗೆಯುತ್ತೇನೆ, ಉಳಿಸುತ್ತೇನೆ, ತಲೆ ಎತ್ತಿ ಮೇಲೆ ನೋಡಬಾರದು.

ಫೈರ್‌ವಾಲಿನ ದಾಖಲೆಪಟ್ಟಿಯಲ್ಲಿ ಒಂದು ಕೆಂಪು ಸಾಲು, ಏಳು, ತಡೆಯಲಾಗಿದೆ; ಐದು ಸೆಕೆಂಡಿಗೆ ಇನ್ನೊಂದು; ಮತ್ತೊಂದು ಬರುವುದರೊಳಗೆ ಫೋನ್, ಇವರೇ. ದಿವ್ಯಾ, ಅಲ್ಲಿ ಕರೆಂಟ್ ಹೋಯ್ತಾ? ಇಲ್ವಲ್ಲ, ಯಾಕ್ರೀ? ಸುಮ್ನೆ ಕಣಮ್ಮಿ, ಇಲ್ಲಿ ಹೋಗೈತೆ ಅದಕ್ಕೆ ಕೇಳ್ದೆ — ಅವರ ಬೆನ್ನಿನ ಹಿಂದೆ ಅಂಗಡಿಯ ಟಿವಿಯಲ್ಲಿ ಕ್ರಿಕೆಟ್ಟಿನ ಕೂಗು. ಏನ್ ಮಾಡ್ತಿದ್ದೀಯಾ? ಕುರ್ಚಿಯಲ್ಲಿಯೇ ಕುಳಿತಿದ್ದೇನೆ, ಕಿಟಕಿ ಹತ್ರ ನಿಂತಿದೀನಿ ಅನ್ನುತ್ತೇನೆ. ಓ, ನಿಂತಿದ್ದೀಯಾ, ನಂಬಿಬಿಟ್ಟರು, ಇಷ್ಟು ಸುಲಭವಾಗಿ. ಯಾರವ್ರೆ ಜೊತೇಲಿ? ಯಾರೂ ಇಲ್ಲ. ಸರಿ, ಸಂಜೆ ಗಾಡಿ ತತ್ತೀನಿ, ಬಸ್ಸಿಗೆ ಹೋಗ್ಬೇಡ. ಹ್ಞೂಂ ಅಂದೆ, ಯಾಕೆ ಹ್ಞೂಂ ಅಂದೆ, ನಾಲ್ಕೂವರೆಗೆ ಗೇಟಿನ ಹತ್ತಿರ ನಿಂತಿರುತ್ತಾರೆ, ನಾನು ಹಿಂದೆ ಕುಳಿತು ಕೈಯನ್ನು ಎಲ್ಲಿ ಇಡಲಿ, ಭುಜದ ಮೇಲೆಯೇ, ಯಾವಾಗಲೂ ಇಡುವ ಕಡೆ, ರಾಮನಗರದವರೆಗೂ. ಇವತ್ತು ನನಗೆ ಏನಾಗಿದೆ ಎಂದು ನಾನಾಗಿ ಹೇಳಬೇಕು, ಹೇಳದೆ ತಿಳಿಯುವುದಿಲ್ಲ ಇನ್ನು — ಮತ್ತೆ ಕೆಂಪು ಸಾಲು, ನನ್ನ ಚಿತ್ರವನ್ನು ಹೊತ್ತುಕೊಂಡು ಫೈರ್‌ವಾಲಿನ ಬಾಗಿಲವರೆಗೆ ಬಂದಿದೆ, ತಡೆಯಲಾಗಿದೆ, ಐದು ಸೆಕೆಂಡು, ಏಳು, ತಡೆಯಲಾಗಿದೆ, ಐದು ಸೆಕೆಂಡು, ಏಳು