ಬಲಗಾಲ ಮೇಲೆ ನಿಂತವನು

ಆತನ ಕಟಿಂಗ್ ಶಾಪಿನಲ್ಲಿದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಗಿರಾಕಿ, ಇನ್ನೊಂದರಲ್ಲಿ ಹಳೇ ಪೇಪರಿನ ರಾಶಿ. ಮೂವತ್ತು ವರ್ಷ ನಿಂತೇ ದುಡಿದ ಮನುಷ್ಯ. ಆತ ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲವಾದ್ದರಿಂದ ಬೀದಿಯವರು ರೇಡಿಯೋ ಅಣ್ಣ ಅಂತ ಹೆಸರಿಟ್ಟಿದ್ದರು.

ಐವತ್ತು ದಾಟಿದ ಮೇಲೆ ಬಲಮಂಡಿ ಕೈಕೊಟ್ಟಿತು. ಮೊದಮೊದಲು ಸಂಜೆಯಾದರೆ ಬಿಗಿತ, ಆಮೇಲೆ ಮೆಟ್ಟಿಲು ಇಳಿಯುವಾಗ ಒಳಗೆ ಸೂಜಿ ಆಡಿಸಿದಂಥ ನೋವು. ಮುಲಾಮು, ಎಣ್ಣೆ, ಶಾಖ, ಪಟ್ಟಿ ಎಲ್ಲ ಆಯಿತು. ಎಕ್ಸ್‌ರೇ ನೋಡಿದ ಡಾಕ್ಟರು, "ಸವೆತ ವಯಸ್ಸಿಗೆ ತಕ್ಕಷ್ಟೇ ಇದೆ. ಇಷ್ಟೊಂದು ನೋವು ಯಾಕೋ ಗೊತ್ತಾಗ್ತಿಲ್ಲ" ಎಂದು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಹೆಂಡತಿಯೂ ಜೊತೆಗೆ ಬಂದಳು.

ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಮಂಡಿಯನ್ನು ಒಂದೆರಡು ಸಲ ಒತ್ತಿ ನೋಡಿ ಬಿಟ್ಟಳು. "ಮಂಡಿ ಹಾಗಿರಲಿ. ನೀವು ಕೆಲಸ ಮಾಡೋದು ಹೇಗೆ, ತೋರಿಸಿ," ಎಂದು ಆಸ್ಪತ್ರೆಯ ಆಯಾಳನ್ನು ಸ್ಟೂಲಿನ ಮೇಲೆ ಕೂರಿಸಿ, ಆತನ ಕೈಗೆ ಬಾಚಣಿಗೆ ಕೊಟ್ಟಳು.

ಆತ ಬಾಚತೊಡಗಿದ. ಆಯಾಗೆ ಈ ಉಪಚಾರ ಹೊಸದು. ಏನೋ ಗೊಣಗಿ ನಕ್ಕಳು. ಆತ ಅವಳ ಮಾತಿನ ಕಡೆಗೆ ಬಾಗಿದ.

"ಹಾಗೇ ಇರಿ," ಎಂದಳು ಹುಡುಗಿ. ಆಳೆತ್ತರದ ಕನ್ನಡಿಯನ್ನು ಪಕ್ಕಕ್ಕೆ ತಳ್ಳಿಕೊಂಡು ಬಂದಳು.

ಮೂವತ್ತು ವರ್ಷ ಕನ್ನಡಿಯ ಮುಂದೆಯೇ ನಿಂತಿದ್ದರೂ ಅದರಲ್ಲಿ ಆತ ನೋಡಿದ್ದು ಬೇರೆಯವರ ತಲೆಯನ್ನು. ಈಗ ತನ್ನನ್ನು ನೋಡಿದ. ಮುಖ ಎಡಕ್ಕೆ ತಿರುಗಿತ್ತು, ಬಲಭುಜ ಮುಂದಕ್ಕೆ ಬಾಗಿತ್ತು, ಸೊಂಟ ಒಂದು ಕಡೆ ಕುಸಿದಿತ್ತು. ಮೈಭಾರವೆಲ್ಲ ಬಲಗಾಲಿನ ಮೇಲೆ, ಮಂಡಿ ಒಳಕ್ಕೆ ತಿರುಚಿಕೊಂಡಿತ್ತು. ಎಡಗಾಲು ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ ಸುಮ್ಮನೆ ನಿಂತಿತ್ತು.

"ಮಂಡಿ ಪಾಪದ್ದು. ತಲೆ ತಿರುಗಿದ ಕಡೆ ಭುಜ ಹೋಯ್ತು, ಭುಜದ ಹಿಂದೆ ಸೊಂಟ ಹೋಯ್ತು. ಕೊನೆಗೆ ಹೊರೆ ಬಿದ್ದಿದ್ದು ಅದರ ಮೇಲೆ. ನೆಟ್ಟಗೆ ನಿಂತು ಬಾಚಿ ನೋಡೋಣ."

ನೆಟ್ಟಗೆ ನಿಂತ. ಆಯಾ ಮತ್ತೆ ಬಾಯಿ ತೆರೆದದ್ದೇ ತಡ, ಮೈ ಮತ್ತೆ ತಿರುಚಿಕೊಂಡಿತು.

ಹುಡುಗಿ ಸದ್ದಿಲ್ಲದೆ ಆತನ ಎಡಬದಿಗೆ ಹೋಗಿ, "ಅಣ್ಣ, ಕಾಫಿ ಕುಡೀತೀರಾ?" ಎಂದು ಮೆಲ್ಲಗೆ ಕೇಳಿದಳು. ಆತ ಬಾಚುತ್ತಲೇ ಇದ್ದ. ಬೆಂಚಿನ ಮೇಲಿದ್ದ ಹೆಂಡತಿ ತಲೆ ತಗ್ಗಿಸಿದಳು.

ಹುಡುಗಿ ಎದುರಿಗೆ ಬಂದು ಕೇಳಿದಳು. "ಎಡಗಿವಿ ಎಷ್ಟು ದಿನದಿಂದ ಕೇಳಿಸ್ತಿಲ್ಲ?"

"ಕೇಳಿಸತ್ತೆ," ಎಂದ. ಬಾಚಣಿಗೆಯನ್ನು ಕೈಯಲ್ಲಿ ತಿರುಗಿಸಿದ. "ಸ್ವಲ್ಪ ಕಮ್ಮಿ," ಎಂದ. ಆಮೇಲೆ ಕದ್ದು ಸಿಕ್ಕಿಬಿದ್ದವನಂತೆ ಹೆಂಡತಿಯತ್ತ ನೋಡಿದ.

"ನನಗೆ ಆರು ವರ್ಷದಿಂದ ಗೊತ್ತು," ಎಂದಳು ಅವಳು. "ಬೀದೀಲಿ ನಾನು ನಿಮ್ಮ ಬಲಗಡೆಗೇ ಬಂದು ನಡೆಯೋದು ಯಾಕೆ ಅಂದ್ಕೊಂಡ್ರಿ? ನೀವಾಗಿ ಹೇಳ್ಲಿ ಅಂತ ಸುಮ್ಮನಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹಾಗಾಯ್ತು, ದಿನಾ ರಾತ್ರಿ ಮಂಡಿಗೆ ಎಣ್ಣೆ ಹಚ್ಚಿದ್ದು."

ಆತ ಹೋಗಿ ಬೆಂಚಿನ ಮೇಲೆ ಅವಳ ಪಕ್ಕ ಕೂತ. "ಕಟಿಂಗಿಗೆ ಅರ್ಧ ಜನ ಬರೋದೇ ಮಾತಾಡೋಕೆ. ಕಿವುಡ ಅಂತ ಗೊತ್ತಾದ್ರೆ ಯಾರು ಬರ್ತಾರೆ?" ಅದಕ್ಕೇ ಗಿರಾಕಿಗೆ ಬಾಯಿ ತೆರೆಯಲು ಬಿಡದೆ ತಾನೇ ಮಾತಾಡುತ್ತಿದ್ದನಂತೆ. ಮೂರು ವರ್ಷದ ಹಿಂದೆ, ಪಕ್ಕದ ಬೀದಿಯ ಸ್ಕೂಟರ್ ಮೆಕ್ಯಾನಿಕ್ ಕುರ್ಚಿಯಲ್ಲಿ ಕೂತು ಏನೋ ಹೇಳಿದ. ಹಳೇ ಗಾಡಿ ಮಾರಿದ ವಿಷಯವೆಂದುಕೊಂಡು ಈತ ನಗುತ್ತಾ, "ಒಳ್ಳೇದೇ ಆಯ್ತು ಬಿಡಿ, ಒಂದು ಕಾಟ ತಪ್ತು" ಎಂದುಬಿಟ್ಟ. ಮೆಕ್ಯಾನಿಕ್ ಅರ್ಧ ಕಟಿಂಗಿನಲ್ಲೇ ಎದ್ದು ಹೋದ. ಅವನ ತಾಯಿ ತೀರಿಕೊಂಡಿದ್ದರು ಎಂದು ಈತನಿಗೆ ತಿಳಿದದ್ದು ಮರುದಿನ. ಆವತ್ತಿನಿಂದ ಪ್ರತಿಯೊಬ್ಬರ ಬಾಯಿಯ ಹತ್ತಿರಕ್ಕೂ ಬಲಗಿವಿ ಒಯ್ಯುವುದು ರೂಢಿಯಾಯಿತು.

ಹುಡುಗಿ ಕಿವಿ ಡಾಕ್ಟರಿಗೆ ಚೀಟಿ ಬರೆದಳು. ಸೊಂಟಕ್ಕೆ, ತೊಡೆಗೆ ಬಲ ಬರುವಂಥ ವ್ಯಾಯಾಮ ಹೇಳಿಕೊಟ್ಟಳು. "ಎರಡು ಕಾಲಿಗೂ ಸಮ ಭಾರ ಹಾಕಿ. ಆ ಕಡೆ ಕತ್ತರಿಸಬೇಕಾದ್ರೆ ಆ ಕಡೆಗೇ ನಡೆದು ಹೋಗಿ, ನಿಂತಲ್ಲೇ ಮೈ ತಿರುಚಬೇಡಿ."

ಅಂಗಡಿಗೆ ರಜೆಯಿದ್ದ ದಿನ ಆತ ಗ್ಯಾರೇಜಿಗೆ ಹೋದ. ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಮೆಕ್ಯಾನಿಕ್ ಬಹಳ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಮೂರು ವರ್ಷ ನಿಮ್ಮನ್ನ ಬೈಕೊಂಡೇ ಓಡಾಡಿದೆ," ಎಂದ. "ಆವತ್ತು ಯಾರ ಹತ್ರಾನಾದ್ರೂ ಹೇಳ್ಕೋಬೇಕಿತ್ತು. ಅದಕ್ಕೇ ನಿಮ್ಮ ಅಂಗಡಿಗೆ ಬಂದಿದ್ದು."

"ಈಗ ಹೇಳಿ," ಎಂದ ಈತ.

ಮೆಕ್ಯಾನಿಕ್ ಬಲಬದಿಗೆ ಬಂದು ನಿಂತ. ತಾಯಿಯ ಕೊನೆಯ ವಾರದ ಬಗ್ಗೆ, ಅವರು ಕೇಳಿದ ಹೊದಿಕೆ ತರುವಷ್ಟರಲ್ಲಿ ಹೊತ್ತು ಮೀರಿದ್ದರ ಬಗ್ಗೆ ಹೇಳಿದ. ಈತ ನಡುವೆ ಒಂದು ಮಾತೂ ಆಡದೆ ಕೇಳಿದ.

ಕಿವಿಯ ಯಂತ್ರ ಬಂತು. ಮೊದಲ ದಿನ ಕತ್ತರಿಯ ಸದ್ದೇ ತಗಡಿನ ಮೇಲೆ ಕಲ್ಲು ಸುರಿದಂತೆ ಕೇಳಿ ಕಿತ್ತಿಟ್ಟಿದ್ದ. ಹೆಂಡತಿ ಗದರಿಸಿ ಮತ್ತೆ ಹಾಕಿಸಿದಳು. ಬಂದ ಗಿರಾಕಿಗೆಲ್ಲ ಆತ ತಾನೇ ವಿಷಯ ತಿಳಿಸಿದ. ನಿವೃತ್ತ ಮೇಷ್ಟ್ರೊಬ್ಬರು, "ರೇಡಿಯೋಗೆ ಕಿವಿ ಇರೋದನ್ನ ನಾವೆಲ್ಲಿ ನೋಡಿದ್ದೀವಿ ಮಾರಾಯ" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಆತನೇ.

ಮಂಡಿ ಮಾತ್ರ ಅವಸರ ಮಾಡಲಿಲ್ಲ. ಎರಡು ತಿಂಗಳು ಏನೂ ಆಗಲಿಲ್ಲವೆಂದು ಹುಡುಗಿಯ ಹತ್ತಿರ ದೂರಿದ. ನಾಲ್ಕನೇ ತಿಂಗಳಲ್ಲೊಂದು ಬೆಳಿಗ್ಗೆ ಗೋಡೆ ಹಿಡಿಯದೆ ಮೆಟ್ಟಿಲು ಇಳಿದದ್ದು ಕೆಳಗೆ ಬಂದ ಮೇಲೆಯೇ ಆತನ ಗಮನಕ್ಕೆ ಬಂತು. ಗಿರಾಕಿ ಜಾಸ್ತಿಯಿದ್ದ ದಿನ ಈಗಲೂ ಸಂಜೆಗೆ ಸ್ವಲ್ಪ ಹಿಡಿಯುತ್ತದೆ. ಆಗ ಆತ ಕತ್ತರಿ ಕೆಳಗಿಟ್ಟು, ಗಿರಾಕಿಗೆ ಒಂದು ನಿಮಿಷ ಅಂತ ಹೇಳಿ, ಎರಡೂ ಪಾದ ನೆಲಕ್ಕೆ ಊರಿ ನಿಲ್ಲುತ್ತಾನೆ.