ಗುಡ್ಡದ ಮಣ್ಣಿನ ವರದಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳಿಗೆ ಇಟ್ಟ ಹೆಸರು ತರಗೆಲೆ. ಕಾಡಿನಿಂದ ಬಂದ ಎಲೆ ಒಣಗಿಸಿ, ಪುಡಿಮಾಡಿ, ಅದರಲ್ಲಿ ಸಾರಜನಕ ಎಷ್ಟಿದೆಯೆಂದು ಅಳೆಯುವುದೇ ಹನ್ನೊಂದು ವರ್ಷದಿಂದ ಅವಳ ಕೆಲಸ. ಸಾರಜನಕ ಚೆನ್ನಾಗಿದ್ದ ಎಲೆ ಬೇಗ ಕೊಳೆತು ಮಣ್ಣಿಗೆ ಕಸುವು ಕೊಡುತ್ತದೆ. ಇಲ್ಲದ್ದು ವರ್ಷಗಟ್ಟಲೆ ಬಿದ್ದಲ್ಲೇ ಬಿದ್ದಿರುತ್ತದೆ.

ಆ ಸಲ ಬಂದ ಚೀಲಗಳ ಚೀಟಿಯಲ್ಲಿದ್ದ ಗುಡ್ಡದ ಹೆಸರನ್ನು ಅವಳು ಎರಡೆರಡು ಸಲ ಓದಿದಳು. ಅವಳನ್ನು ಸಾಕಿ ಓದಿಸಿದ ಸೋದರಮಾವ ಅರಣ್ಯಾಧಿಕಾರಿಯಾಗಿದ್ದಾಗ, ಹಳೇ ಕಾಡು ಕಡಿಸಿ ಪೈನ್ ನೆಡಿಸಿದ್ದ ಗುಡ್ಡವದು. ಪೈನ್ ಕಟಾವಾದ ಜಾಗದಲ್ಲಿ ಆಮೇಲೆ ನೆಟ್ಟ ಯಾವ ಸಸಿಯೂ ಏಳಲಿಲ್ಲ. ನೀರು ಹಾಕದೆ ಸಾಯಿಸಿದನೆಂದು ಮಾವ ದೂರು ಬರೆದು, ಸಸಿ ನೋಡಿಕೊಳ್ಳುತ್ತಿದ್ದ ಮಾಲಿಯ ಕೆಲಸ ಕಳೆದಿದ್ದರು.

ಅವಳು ಮೂರು ಸಲ ಪರೀಕ್ಷೆ ಮಾಡಿದಳು. ಪಕ್ಕದಲ್ಲಿ ಉಳಿದ ಹಳೇ ಕಾಡಿನ ಎಲೆಗೆ ಹೋಲಿಸಿದರೆ, ಇನ್ನೂ ಕೊಳೆಯದೆ ಬಿದ್ದಿದ್ದ ಪೈನ್ ಎಲೆಯಲ್ಲಿ ಮೂರನೇ ಒಂದು ಪಾಲು ಸಾರಜನಕವೂ ಇರಲಿಲ್ಲ. ಅಡಿಯ ಮಣ್ಣಂತೂ ಪೂರ್ತಿ ಸೊರಗಿತ್ತು; ಎಷ್ಟು ನೀರು ಹಾಕಿದ್ದರೂ ಅದರಲ್ಲಿ ಸಸಿ ಏಳುತ್ತಿರಲಿಲ್ಲ.

ಭಾನುವಾರ ಮಾವನ ಮನೆಗೆ ಹೋಗಿ ಹೇಳಿದಳು. ಚೀಲ ಅದಲುಬದಲಾಗಿರಬೇಕು ಅಂದರು ಮಾವ. ಅವಳು ಅಲ್ಲವೆಂದಾಗ ದನಿ ತಗ್ಗಿಸಿದರು.

"ಆ ಗುಡ್ಡ ಒಂದನ್ನ ಬಿಟ್ಟು ಬರೆದ್ರೆ ಯಾರಿಗಮ್ಮಾ ನಷ್ಟ?"

"ಮಾಲಿಗೆ, ಮಾವ."

ಮಾವ ಎದ್ದು ಒಳಗೆ ಹೋದರು. ಅತ್ತೆ ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ. ಸೋಮವಾರ ವರದಿಗೆ ಸಹಿ ಹಾಕಿದಳು.

ತಿಂಗಳಾದರೂ ಮಾವನ ಫೋನಿಲ್ಲ. ಇವಳು ಮಾಡಿದರೆ ಅತ್ತೆಯೇ ಎತ್ತಿ, ಮಲಗಿದ್ದಾರೆ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಮಾವ ತಾವಾಗಿಯೇ ಪ್ರಯೋಗಾಲಯಕ್ಕೆ ಬಂದರು. ಮುಖ ಬಾಡಿತ್ತು. ಅವಳು ಕುರ್ಚಿ ಎಳೆದು ಕೊಟ್ಟಳು. ಮಾಲಿ ಈಗ ಬಸ್ ನಿಲ್ದಾಣ ಗುಡಿಸುತ್ತಾನಂತೆ. ಹುಡುಕಿಕೊಂಡು ಹೋಗಿ ತಪ್ಪಾಯಿತೆಂದು ಹೇಳಿ ಬಂದರಂತೆ.

"ಏನಂದ?"

"'ನೀರು ಹಾಕಿದೀನಿ ಅಂತ ಆವತ್ತೇ ಹೇಳಿದ್ನಲ್ಲ ಸಾರ್' ಅಂದ. ಗುಡಿಸ್ತಾ ಮುಂದೆ ಹೋದ. ತಿರುಗಿ ಕೂಡ ನೋಡಲಿಲ್ಲ."

ತಮ್ಮ ದೂರು ಸುಳ್ಳೆಂದು ಇಲಾಖೆಗೆ ಬರೆದುಕೊಡಲು ವರದಿಯ ಪ್ರತಿ ಬೇಕು ಎಂದರು. ಅವಳು ತೆಗೆದುಕೊಟ್ಟಳು. ಮಾಲಿಗೆ ಸರ್ಕಾರಿ ಕೆಲಸದ ವಯಸ್ಸು ಮೀರಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಮಣ್ಣು ಸುಧಾರಿಸಲು ಎಷ್ಟು ವರ್ಷ ಬೇಕೆಂದು ಮಾವ ಕೇಳಿದರು. ಈಗ ಗೊಬ್ಬರ ಹಾಕಿ ಹಳೇ ಜಾತಿಯ ಮರ ನೆಟ್ಟರೆ ಇಪ್ಪತ್ತೈದು, ಮೂವತ್ತು ಎಂದಳು.

ಎಪ್ಪತ್ತೊಂದರ ಮಾವ ತಲೆಯಾಡಿಸಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಮೆಟ್ಟಿಲಿಳಿದು ಹೋದರು.