ವೈರಿಂಗ್ ಸರಿ ಇದೆ

ದೆವ್ವ ಹುಡುಕುವ ತಂಡದಲ್ಲಿ ನನ್ನದು ಒಂದು ಸಾಲಿನ ಕೆಲಸ. ಕ್ಯಾಮೆರಾ ಮುಂದೆ ನಿಂತು, ‘ನಾನು ಎಲೆಕ್ಟ್ರಿಷಿಯನ್, ಈ ಮನೆಯ ವೈರಿಂಗ್ ಸರಿ ಇದೆ’ ಎನ್ನುವುದು. ಅಷ್ಟು ಹೇಳಿದ ಮೇಲೆ ಮೀಟರ್ ಕೆಂಪಾದರೆ ಅದಕ್ಕೆ ಕರೆಂಟ್ ಕಾರಣವಲ್ಲ, ಬೇರೆ ಏನೋ ಇದೆ ಎಂದು ನೋಡುವವರು ತಾವೇ ಅಂದುಕೊಳ್ಳುತ್ತಿದ್ದರು. ತಂಡದ ಯಜಮಾನನಿಗೆ ಎಲ್ಲರೂ ಮೀಟರ್ ಮಾಮ ಎನ್ನುತ್ತಿದ್ದರು. ಮೊದಲು ಮದುವೆ ವಿಡಿಯೊ ತೆಗೆಯುತ್ತಿದ್ದ.

ಆ ಮೀಟರ್ ಬಗ್ಗೆ ನನಗೆ ಯಾವ ಭ್ರಮೆಯೂ ಇರಲಿಲ್ಲ. ಅಂಗೈಯಷ್ಟು ಡಬ್ಬಿ, ಮೇಲೆ ಹಸಿರಿನಿಂದ ಕೆಂಪಿನವರೆಗೆ ಐದು ದೀಪ. ಕರೆಂಟ್ ಹರಿಯುವ ತಂತಿಯ ಹತ್ತಿರ ಹಿಡಿದರೆ ದೀಪಗಳು ಏರುತ್ತವೆ. ಫ್ರಿಜ್ಜಿನ ಹಿಂದೆ ಹಿಡಿದರೂ ಏರುತ್ತವೆ. ಸತ್ತವರಿಗೆಂದು ಅದರಲ್ಲಿ ಬೇರೆ ದೀಪ ಇಲ್ಲ. ಇನ್ನೊಂದು ಡಬ್ಬಿ ರೇಡಿಯೊ ಸ್ಟೇಷನ್‌ಗಳನ್ನು ಒಂದರ ಹಿಂದೊಂದು ದಾಟುತ್ತ ಗೊರಗುಟ್ಟುತ್ತಿತ್ತು. ಆ ಸದ್ದಿನಲ್ಲಿ ಅರ್ಧ ಮಾತು ಸಿಕ್ಕರೆ ಮೀಟರ್ ಮಾಮ ಕಣ್ಣರಳಿಸಿ ಎಲ್ಲರನ್ನೂ ನೋಡುತ್ತಿದ್ದ. ಒಮ್ಮೆ ಒಂದು ಮನೆಯ ತೀರಿಕೊಂಡ ಅಜ್ಜ ‘ಶೇಕಡಾ ಇಪ್ಪತ್ತು ರಿಯಾಯಿತಿ’ ಎಂದಿದ್ದರು. ಅದನ್ನು ಕತ್ತರಿಸಿ ತೆಗೆದೆವು.

ಗೊತ್ತಿದ್ದೂ ಯಾಕೆ ಹೋಗುತ್ತಿದ್ದೆ ಎಂದರೆ, ವಿಡಿಯೊದಲ್ಲಿ ಮುಖ ಕಾಣುತ್ತಿತ್ತು. ಮಾಡಿದ ಕೆಲಸವೆಲ್ಲ ಗೋಡೆಯೊಳಗೆ ಹೂತುಹೋಗುವ ಕಸುಬಿನವನಿಗೆ ಬೀದಿಯಲ್ಲಿ ಯಾರೋ ಗುರುತು ಹಿಡಿದು ನಗುವುದು ಸಣ್ಣ ಸಂಗತಿಯಲ್ಲ.

ಹಾಗೆ ನೋಡಿದವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬರು. ಚಿಕ್ಕಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಚಿಕ್ಕಮ್ಮ ನನ್ನನ್ನು ಕೇಳದೆ ನೇರವಾಗಿ ಮೀಟರ್ ಮಾಮನಿಗೇ ಫೋನ್ ಮಾಡಿದ್ದರು. ಬಚ್ಚಲಿನ ನಲ್ಲಿ ಮುಟ್ಟಿದರೆ ಚಿಕ್ಕಪ್ಪ ಕೈ ಹಿಡಿದ ಹಾಗಾಗುತ್ತದಂತೆ, ಬೆರಳ ತುದಿ ಜುಮ್ಮೆನ್ನುತ್ತದಂತೆ.

ಮೀಟರ್ ಮಾಮ ಇದನ್ನು ಹೇಳಿದಾಗಲೇ ನನಗೆ ಕಾರಣ ಹೊಳೆಯಿತು. ಆ ಬಚ್ಚಲಿನ ಗೀಸರ್‌ಗೆ ಲೈನ್ ಎಳೆದವನು ನಾನೇ, ಎರಡು ವರ್ಷದ ಹಿಂದೆ. ಅವತ್ತು ಹಸಿರು ವೈರ್ ಅರ್ಧ ದಾರಿಯಲ್ಲಿ ಮುಗಿದಿತ್ತು. ಗೀಸರ್ ಒಳಗೆ ಕರೆಂಟ್ ಸೋರಿದರೆ ಅದು ಮನುಷ್ಯರ ಮೈಮೇಲೆ ಹೋಗದೆ ನೆಲಕ್ಕೆ ಇಳಿಯಲು ಇರುವ ದಾರಿ ಆ ವೈರ್. ನಾಳೆ ತಂದು ಸೇರಿಸಿದರಾಯಿತು ಎಂದು ತುದಿಯನ್ನು ಬಾಕ್ಸಿನೊಳಗೆ ಮಡಚಿ ಮುಚ್ಚಳ ಬಿಗಿದಿದ್ದೆ. ನೀರು ಚೆನ್ನಾಗಿ ಕಾಯಿತು, ಚಿಕ್ಕಪ್ಪ ಬೆನ್ನು ತಟ್ಟಿದರು, ನಾನು ಮರೆತೆ.

ತಂಡ ಹೋದದ್ದು ಮಧ್ಯಾಹ್ನ, ಪರದೆ ಎಳೆದು ಕತ್ತಲು ಮಾಡಿದ್ದರು. ಚಿಕ್ಕಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಮಂಚದ ತುದಿಯಲ್ಲಿ ಕುಳಿತಿದ್ದರು, ಪರೀಕ್ಷೆಗೆ ಬಂದವರ ಹಾಗೆ. ಅವರ ಮಗಳು, ನನಗೆ ತಂಗಿಯಾಗಬೇಕು, ಬಾಗಿಲಿಗೆ ಒರಗಿದ್ದಳು.

“ಅಣ್ಣಾ, ನಿಮ್ಮ ಡಬ್ಬಿ ಕಳೆದುಹೋದ ಸಾಕ್ಸ್ ಹುಡುಕಿಕೊಡುತ್ತಾ?” ಎಂದಳು.

ನಾನು ನಗುತ್ತ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಗೀಸರ್ ಹಾಕಿಯೇ ಇತ್ತು. ಜೇಬಿನ ಟೆಸ್ಟರ್ ನಲ್ಲಿಗೆ ತಾಗಿಸಿದೆ. ಹಿಡಿಯೊಳಗಿನ ದೀಪ ಮಂಕಾಗಿ ಹೊತ್ತಿಕೊಂಡಿತು. ಹೊರಗೆ ಬಂದು ಹೇಳಿದರೆ ತಂಗಿ ಕೇಳುವ ಮೊದಲ ಪ್ರಶ್ನೆ, ಇದನ್ನು ಹಾಕಿದವನು ಯಾರು ಎಂದು. ಕ್ಯಾಮೆರಾ ಆಗಲೇ ಓಡುತ್ತಿತ್ತು. ವೈರಿಂಗ್ ಹೇಗಿದೆ ಎಂದು ಮೀಟರ್ ಮಾಮ ಕೇಳಿದ. ನಾನು ನನ್ನ ಸಾಲು ಹೇಳಿದೆ.

ಗೀಸರ್‌ನ ವೈರ್ ಹಾದುಹೋಗುವ ಗೋಡೆಗೆ ಮೀಟರ್ ಹಿಡಿದಾಗ ಐದೂ ದೀಪ ಹತ್ತಿದವು. ಮೀಟರ್ ಮಾಮ ದನಿ ತಗ್ಗಿಸಿ, ಕೇಳುವುದಿದ್ದರೆ ಕೇಳಿ ಎಂದ. ಚಿಕ್ಕಮ್ಮ ಗೋಡೆಯ ಕಡೆ ತಿರುಗಿದರು.

“ರೀ, ಆಸ್ಪತ್ರೇಲಿ ಮನೆಗೆ ಕರ್ಕೊಂಡು ಹೋಗು ಅಂತ ಮೂರು ಸಲ ಅಂದ್ರಿ. ನಾನು ಡಾಕ್ಟರ್ ಮಾತು ಕೇಳ್ದೆ. ಅದಕ್ಕೆ ಕೋಪಾನಾ?”

ಬಚ್ಚಲಿನಿಂದ ಟಿಕ್ ಎಂಬ ಸದ್ದು ಬಂತು. ನೀರು ಕಾದು ಗೀಸರ್ ತಾನೇ ನಿಂತಿತ್ತು. ಕೆಂಪು ದೀಪ ಆರಿತು. ಕೋಪ ಇಳಿದಿದೆ ಎಂದು ಮೀಟರ್ ಮಾಮ ಹೇಳಿದ. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬಾಗಿಲ ಬಳಿ ಇದ್ದ ತಂಗಿಯ ನಗುವೂ ನಿಂತಿತ್ತು. ಆ ಸದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತ್ತು, ಅದೇನೆಂದು ಗೊತ್ತಿದ್ದವನು ನಾನೊಬ್ಬ.

ಹೊರಡುವಾಗ ಗೀಸರ್ ಸ್ವಿಚ್ ಆರಿಸಿ, ಮೀಟರ್ ಹಿಡಿದ ಜಾಗ ಎರಡು ದಿನ ತಣ್ಣಗಿರಬೇಕು, ಹಾಕಬೇಡಿ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಸುಳ್ಳು.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವುದನ್ನೇ ಕಾದಿದ್ದು ಹಸಿರು ವೈರ್ ಕೊಂಡು ಹೋದೆ. ಏನೋ ನೆಪ ಹೇಳಿ ಸದ್ದಿಲ್ಲದೆ ಸೇರಿಸಿಬಿಡುವ ಯೋಚನೆ. ತಂಗಿ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದೇ ಇತ್ತು. ಚಿಕ್ಕಮ್ಮ ಬಚ್ಚಲಿನಲ್ಲಿದ್ದರು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ. ಗೀಸರ್ ದೀಪ ಉರಿಯುತ್ತಿತ್ತು. ಬೆರಳುಗಳು ನಲ್ಲಿಯ ಮೇಲೆ.

“ಇವತ್ತು ಸ್ವಲ್ಪ ಜೋರಾಗಿ ಹಿಡೀತಿದಾರೆ ಕಣೋ,” ಎಂದರು.

ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದೆ. ಮನೆ ಪೂರ್ತಿ ಸುಮ್ಮನಾಯಿತು. ಯಾಕೋ ತೆಗೆದೆ ಎಂದು ಚಿಕ್ಕಮ್ಮ ಗದರಿದರು, ಮಾತಾಡುತ್ತಿದ್ದವರ ಬಾಯಿಯನ್ನು ನಾನು ಮುಚ್ಚಿಬಿಟ್ಟ ಹಾಗೆ. ನಾನು ಸ್ಟೂಲ್ ಹತ್ತಿ ಬಾಕ್ಸಿನ ಮುಚ್ಚಳ ಬಿಚ್ಚಿದೆ. ಮಡಚಿಟ್ಟ ಹಸಿರು ತುದಿ ಹೊರಗೆ ಬಂತು. ಅದೇನು, ಎಲ್ಲಿಗೆ ಸೇರಬೇಕಿತ್ತು, ಯಾರು ಬಿಟ್ಟದ್ದು, ಎಲ್ಲವನ್ನೂ ಗೋಡೆ ನೋಡಿಕೊಂಡೇ ಹೇಳಿದೆ.

“ಹಾಗಾದ್ರೆ ನಿನ್ನೆ ಕೋಪ ಇಲ್ಲ ಅಂದಿದ್ದು?”

“ಗೀಸರ್, ಚಿಕ್ಕಮ್ಮ. ನೀರು ಕಾದ್ಮೇಲೆ ತಾನೇ ಆಫ್ ಆಗುತ್ತೆ.”

“ನಿಂಗೆ ನಿನ್ನೇನೇ ಗೊತ್ತಿತ್ತಾ?”

“ಗೊತ್ತಿತ್ತು.”

ಅವರು ಬೈಯಲಿಲ್ಲ. ಬೈದಿದ್ದರೆ ಸ್ಟೂಲ್ ಇಳಿಯುವುದು ಸುಲಭವಾಗುತ್ತಿತ್ತು. ಟಾರ್ಚ್ ತಂದು ಹಿಡಿದು ಹೇಳಿದರು: “ಆ ಡಬ್ಬೀನ ನಾನು ಅರ್ಧ ನಂಬಿದ್ದೆ. ಉಳಿದರ್ಧ ನಂಬಿದ್ದು ನೀನು ಹೇಳಿದ್ದಕ್ಕೆ. ನಮ್ಮ ಹುಡುಗ ಸುಳ್ಳು ಹೇಳಲ್ಲ ಅಂತ.”

ವೈರ್ ಎಳೆದೆ, ಸ್ಕ್ರೂ ಬಿಗಿದೆ. ಗೀಸರ್ ಒಳಗಿನ ಕಾಯಿಲ್ ಕೆಟ್ಟಿದೆ, ಬದಲಿಸುವವರೆಗೆ ಅದರ ಲೈನೇ ಬೇಡ ಎಂದು ಅದನ್ನೂ ಕಳಚಿದೆ. ಅಷ್ಟು ಹೊತ್ತೂ ಚಿಕ್ಕಮ್ಮ ಟಾರ್ಚ್ ಹಿಡಿದು ನಿಂತಿದ್ದರು, ಬೆಳಕು ನನ್ನ ಕೈ ಬಿಟ್ಟು ಕದಲದ ಹಾಗೆ. ನಿನ್ನೆಯ ವಿಡಿಯೊ ಯಾರಿಗೂ ಕಾಣದ ಹಾಗೆ ತೆಗೆಸಿಹಾಕು ಎಂದರು. ಮೀಟರ್ ಮಾಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಬೆಳಿಗ್ಗೆಯೇ ಹಾಕಿಯಾಗಿದೆ, ಚಿಕ್ಕಮ್ಮ ಅಳುವ ಭಾಗ ಎಲ್ಲರಿಗೂ ಹಿಡಿಸಿದೆ, ತೆಗೆಯುವುದಿಲ್ಲ ಎಂದ. ಫೋನಿನ ದನಿ ಚಿಕ್ಕಮ್ಮನಿಗೂ ಕೇಳಿಸಿತು.

ಮೇನ್ ಹಾಕಿ ಬಂದು ಟೆಸ್ಟರ್ ನಲ್ಲಿಗೆ ಇಟ್ಟು ತೋರಿಸಿದೆ. ದೀಪ ಹೊತ್ತಲಿಲ್ಲ. ಅವರು ಅದನ್ನು ನೋಡಲೇ ಇಲ್ಲ.

“ಮೊದಲು ನೀನು ಮುಟ್ಟು,” ಎಂದರು.

ಚಪ್ಪಲಿ ಬಿಚ್ಚಿ ಒದ್ದೆ ನೆಲದ ಮೇಲೆ ನಿಂತು ನಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದೆ. ಸಾಕು ಎನ್ನಲಿ ಎಂದು ಕಾದೆ. ಅವರು ತುಂಬ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ತಾವೂ ಎರಡು ಬೆರಳಿಟ್ಟರು, ತೆಗೆದರು, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಸ್ನಾನ ಆಗಬೇಕು, ನೀನಿನ್ನು ಹೋಗು ಎಂದರು.